ಡೀಸೆಲ್ ಕುಡಿದ ಮಣ್ಣನ್ನು ಸೂಕ್ಷ್ಮಾಣುಗಳ ನೆರವಿನಿಂದ ಶುದ್ಧಗೊಳಿಸುವ ಕ್ರಮ

ತೋಟದ ಜನರೇಟರ್ ಶೆಡ್ಡಿನಲ್ಲಿ, ಟ್ರ್ಯಾಕ್ಟರ್ ನಿಲ್ಲಿಸುವ ಕಣದಲ್ಲಿ, ಊರಂಚಿನ ಗ್ಯಾರೇಜಿನ ಹಿತ್ತಿಲಿನಲ್ಲಿ, ಬೋರ್‌ವೆಲ್ ಲಾರಿ ಎರಡು ದಿನ ನಿಂತು ಹೋದ ಹೊಲದ ಮೂಲೆಯಲ್ಲಿ ಡೀಸೆಲ್ ಚೆಲ್ಲಿದ ಮಣ್ಣನ್ನು ನಾವೆಲ್ಲರೂ ನೋಡಿರುತ್ತೇವೆ. ಅದು ಕಪ್ಪಗೆ ಜಿಡ್ಡುಗಟ್ಟಿರುತ್ತದೆ. ಮೇಲೆ ನೀರು ಹೊಯ್ದರೆ ಇಂಗದೆ ಮಣಿಮಣಿಯಾಗಿ ಉರುಳಿಹೋಗುತ್ತದೆ. ಎಲ್ಲಿ ಬೇಕಾದರೂ ಬೇರೂರುವ ಗರಿಕೆಯೂ ಅಲ್ಲಿ ಚಿಗುರುವುದಿಲ್ಲ. ಹೆಚ್ಚಿನವರು ಅದರ ಮೇಲೆ ನಾಲ್ಕು ಬಾಂಡ್ಲಿ ಹೊಸ ಮಣ್ಣು ಸುರಿದು ಮುಚ್ಚಿಬಿಡುತ್ತಾರೆ, ಇಲ್ಲವೇ ಅಗೆದು ಹಳ್ಳಕ್ಕೆ ಎಸೆಯುತ್ತಾರೆ. ಮುಚ್ಚಿದರೆ ಒಳಗಿನ ಎಣ್ಣೆಗೆ ಗಾಳಿ ಸಿಗದೆ ಅದು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಎಸೆದರೆ ಮುಂದಿನ ಮಳೆಯಲ್ಲಿ ಬಾವಿಯ ಕಡೆಗೋ ಕೆರೆಯ ಕಡೆಗೋ ಹೊರಡುತ್ತದೆ.

ಇದೇ ಮಣ್ಣನ್ನು ಸ್ಥಳದಲ್ಲಿಯೇ ಗುಡ್ಡೆ ಹಾಕಿ, ಅದರೊಳಗಿನ ಸೂಕ್ಷ್ಮಾಣುಗಳಿಂದಲೇ ಮೂರು ನಾಲ್ಕು ತಿಂಗಳಿನಲ್ಲಿ ಬಹುಮಟ್ಟಿಗೆ ಶುದ್ಧಗೊಳಿಸಲು ಸಾಧ್ಯವಿದೆ. ನಮ್ಮ ತೋಟದಲ್ಲಿ ಇನ್ನೂರು ಲೀಟರಿನ ಡ್ರಮ್ಮಿನ ನಲ್ಲಿ ಸಡಿಲಗೊಂಡು, ನಾವು ಗಮನಿಸುವಷ್ಟರಲ್ಲಿ ಸುಮಾರು ನಲವತ್ತು ಲೀಟರು ಡೀಸೆಲ್ ನೆಲಕ್ಕೆ ಇಳಿದಿತ್ತು. ಆಗ ಮಾಡಿದ ಕೆಲಸ, ಅದರಲ್ಲಿ ಆದ ಒಂದು ದೊಡ್ಡ ತಪ್ಪು, ಆಮೇಲೆ ಕಲಿತದ್ದು ಎಲ್ಲವನ್ನೂ ಸೇರಿಸಿ ಈ ಕ್ರಮವನ್ನು ಬರೆಯುತ್ತಿದ್ದೇನೆ. ಮೊದಲಿಗೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಈ ಕೆಲಸದಲ್ಲಿ ಬಾಟಲಿಯಲ್ಲಿ ಕೊಂಡು ತರುವ ಬ್ಯಾಕ್ಟೀರಿಯಾಗಳಿಗಿಂತ ಗಾಳಿ, ತೇವ ಮತ್ತು ಸಾರಜನಕಗಳೇ ಮುಖ್ಯ. ಎಣ್ಣೆ ತಿನ್ನುವ ಜೀವಿಗಳು ನಮ್ಮ ಮಣ್ಣಿನಲ್ಲಿ ಮೊದಲಿನಿಂದಲೂ ಇವೆ. ಅವುಗಳಿಗೆ ಕೊರತೆಯಾಗಿರುವುದನ್ನು ಒದಗಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ಯಾವ ಸಂದರ್ಭದಲ್ಲಿ ಈ ಕ್ರಮ ಸಲ್ಲದು

ಚೆಲ್ಲಿದ್ದು ಡೀಸೆಲ್ ಅಥವಾ ಸೀಮೆಎಣ್ಣೆಯಾಗಿದ್ದು, ಪ್ರಮಾಣ ಹತ್ತಾರು ಲೀಟರಿನಿಂದ ನೂರು ಲೀಟರಿನವರೆಗೆ ಇದ್ದು, ಎಣ್ಣೆ ಅಂತರ್ಜಲಕ್ಕೆ ತಲುಪಿರದಿದ್ದರೆ ಮಾತ್ರ ಇದನ್ನು ಸ್ವಂತವಾಗಿ ಕೈಗೊಳ್ಳಬಹುದು. ಹತ್ತಿರದ ಬಾವಿಯ ನೀರಿನಲ್ಲಿ ಎಣ್ಣೆಯ ವಾಸನೆ ಬಂದಿದ್ದರೆ ಆ ನೀರಿನ ಬಳಕೆಯನ್ನು ಅಂದೇ ನಿಲ್ಲಿಸಿ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ತಿಳಿಸಬೇಕು. ಪೆಟ್ರೋಲ್ ಚೆಲ್ಲಿದ ನೆಲವನ್ನು ಅಗೆಯಲು ಹೋಗಬಾರದು, ಏಕೆಂದರೆ ಅದರ ಆವಿ ಬೆಂಕಿಗೆ ಬೇಗ ತುತ್ತಾಗುತ್ತದೆ, ಜೊತೆಗೆ ಅದರಲ್ಲಿರುವ ಬೆಂಜೀನ್ ಉಸಿರಿನ ಮೂಲಕ ದೇಹಕ್ಕೆ ಸೇರಿದರೆ ಕ್ಯಾನ್ಸರ್ ತರಬಲ್ಲದು. ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನೂ ಮುಟ್ಟಬಾರದು.

ಗ್ಯಾರೇಜುಗಳವರು ಹೆಚ್ಚಾಗಿ ಕೇಳುವುದು ಬಳಸಿದ ಇಂಜಿನ್ ಆಯಿಲಿನ ಬಗ್ಗೆ. ಅದರ ಎಣ್ಣೆಯ ಭಾಗವನ್ನು ಸೂಕ್ಷ್ಮಾಣುಗಳು ನಿಧಾನವಾಗಿ ತಿನ್ನಬಲ್ಲವಾದರೂ, ಇಂಜಿನ್ನಿನ ಸವೆತದಿಂದ ಅದರೊಳಗೆ ಸೇರಿದ ಸೀಸ, ಸತು, ತಾಮ್ರದಂಥ ಲೋಹಗಳನ್ನು ಯಾವ ಜೀವಿಯೂ ತಿಂದು ಇಲ್ಲವಾಗಿಸಲಾರದು. ಎಣ್ಣೆ ಎಂದರೆ ಇಂಗಾಲ ಮತ್ತು ಜಲಜನಕದ ಸರಪಳಿ. ಅದನ್ನು ಒಡೆದರೆ ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಉಳಿಯುತ್ತವೆ. ಲೋಹವಾದರೋ ಮೂಲಧಾತು, ಅದು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಹೋದೀತೇ ಹೊರತು ಮಣ್ಣಿನಿಂದ ಮಾಯವಾಗದು. ಬಳಸಿದ ಆಯಿಲು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವುದರಿಂದ ಅದನ್ನು ಪರವಾನಗಿ ಪಡೆದ ಮರುಬಳಕೆದಾರರಿಗೆ ಒಪ್ಪಿಸಬೇಕು.

ಮಣ್ಣಿನೊಳಗೆ ನಡೆಯುವುದೇನು

ಒಂದು ಗ್ರಾಂ ಸಾಮಾನ್ಯ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಎಣ್ಣೆಯನ್ನು ಆಹಾರವಾಗಿ ಬಳಸಬಲ್ಲ ಸ್ಯೂಡೋಮೊನಾಸ್, ರೋಡೋಕಾಕಸ್, ಅಸಿನೆಟೊಬ್ಯಾಕ್ಟರ್ ಮುಂತಾದ ಕುಲಗಳ ಪಾಲು ಬಹಳ ಚಿಕ್ಕದು. ಎಣ್ಣೆ ಬಿದ್ದ ಮೇಲೆ ಉಳಿದವು ಸೊರಗಿ, ಇವು ಹೆಚ್ಚತೊಡಗುತ್ತವೆ. ಮೊದಲು ನೇರ ಸರಪಳಿಯ ಅಣುಗಳನ್ನು, ಆಮೇಲೆ ಕವಲೊಡೆದವನ್ನು, ಕಟ್ಟಕಡೆಗೆ ಉಂಗುರಾಕಾರದ ಅಣುಗಳನ್ನು ಅವು ಒಡೆಯುತ್ತವೆ. ಈ ಕಾರಣದಿಂದಲೇ ಮೊದಲ ಕೆಲವು ವಾರಗಳಲ್ಲಿ ಎಣ್ಣೆ ಬೇಗ ಕಡಿಮೆಯಾದಂತೆ ಕಂಡು, ಕೊನೆಯ ಪಾಲು ಹಟ ಹಿಡಿದಂತೆ ನಿಧಾನವಾಗುತ್ತದೆ.

ಆದರೆ ಎಣ್ಣೆಯಲ್ಲಿ ಇಂಗಾಲ ಉಂಟೇ ಹೊರತು ಸಾರಜನಕವಾಗಲಿ ರಂಜಕವಾಗಲಿ ಇಲ್ಲವೆನ್ನುವಷ್ಟು ಕಡಿಮೆ. ತುಪ್ಪವೊಂದನ್ನೇ ಬಡಿಸಿದ ಎಲೆಯ ಮುಂದೆ ಕುಳಿತವರ ಸ್ಥಿತಿ ಈ ಜೀವಿಗಳದು. ಮೈ ಬೆಳೆಸಲು ಬೇಕಾದ ಸಾರಜನಕವನ್ನು ಹುಡುಕಿ ಸುತ್ತಲಿನ ಮಣ್ಣನ್ನು ಬರಿದುಮಾಡಿ, ಅದು ಮುಗಿದೊಡನೆ ಅವುಗಳ ಕೆಲಸ ನಿಂತುಹೋಗುತ್ತದೆ. ಗಾಳಿಯ ಲೆಕ್ಕ ಇನ್ನೂ ದೊಡ್ಡದು. ಒಂದು ಕಿಲೋ ಡೀಸೆಲ್ ಪೂರ್ತಿಯಾಗಿ ಒಡೆಯಲು ಸುಮಾರು ಮೂರೂವರೆ ಕಿಲೋ ಆಮ್ಲಜನಕ ಬೇಕು. ನಮ್ಮಲ್ಲಿ ಚೆಲ್ಲಿದ ನಲವತ್ತು ಲೀಟರು ಎಂದರೆ ಸುಮಾರು 33 ಕಿಲೋ; ಅದಕ್ಕೆ ನೂರು ಕಿಲೋಗಿಂತ ಹೆಚ್ಚು ಆಮ್ಲಜನಕ, ಅಂದರೆ ನಾನೂರು ಘನ ಮೀಟರಿನಷ್ಟು ಗಾಳಿ. ಎಣ್ಣೆಯ ಒಂದಷ್ಟು ಭಾಗ ಆವಿಯಾಗಿಯೂ, ಒಂದಷ್ಟು ಸೂಕ್ಷ್ಮಾಣುಗಳ ದೇಹವಾಗಿಯೂ ಹೋಗುವುದರಿಂದ ನಿಜವಾದ ಅಗತ್ಯ ಇದಕ್ಕಿಂತ ಕಡಿಮೆ ಎಂದಿಟ್ಟುಕೊಂಡರೂ, ಮಣ್ಣನ್ನು ಅಗೆದು ಸಡಿಲಗೊಳಿಸದೆ ಇಷ್ಟು ಗಾಳಿ ಒಳಗೆ ಹೋಗುವ ದಾರಿಯೇ ಇಲ್ಲ.

1989ರ ಮಾರ್ಚ್ 24ರಂದು ಅಲಾಸ್ಕಾದ ಕಡಲಿನಲ್ಲಿ ಎಕ್ಸಾನ್ ವಾಲ್ಡೆಜ್ ಎಂಬ ಹಡಗಿನಿಂದ ಸುಮಾರು ನಾಲ್ಕು ಕೋಟಿ ಲೀಟರು ಕಚ್ಚಾ ತೈಲ ಸೋರಿದಾಗ, ದಡದ ಕಲ್ಲುಗಳ ಮೇಲೆ ಸಾರಜನಕ ಮತ್ತು ರಂಜಕದ ಗೊಬ್ಬರವನ್ನು ಸಿಂಪಡಿಸಲಾಯಿತು. ಅಲ್ಲಿನ ಬ್ಯಾಕ್ಟೀರಿಯಾಗಳೇ ಚುರುಕುಗೊಂಡು ಎಣ್ಣೆಯನ್ನು ಬೇಗ ತಿಂದವು. ಮರುವರ್ಷ ಅದೇ ದಡದಲ್ಲಿ ಮಾರುಕಟ್ಟೆಯ ಬ್ಯಾಕ್ಟೀರಿಯಾ ಪುಡಿಗಳನ್ನು ಹಾಕಿ ನೋಡಿದಾಗ, ಅವುಗಳಿಂದ ಗಮನಾರ್ಹವಾದ ಹೆಚ್ಚುವರಿ ಲಾಭ ಕಂಡುಬರಲಿಲ್ಲ. ನಮ್ಮ ಹಿತ್ತಿಲಿನ ಗುಡ್ಡೆಗೂ ಈ ಅನುಭವವೇ ಆಧಾರ. ಹತ್ತರಿಂದ ನಲವತ್ತೈದು ಡಿಗ್ರಿಯ ನಡುವೆ ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಜೀವಿಗಳ ಕೆಲಸದ ವೇಗ ಸರಿಸುಮಾರು ಇಮ್ಮಡಿಯಾಗುವುದರಿಂದ, ಅಲಾಸ್ಕಾಕ್ಕೆ ಇಲ್ಲದ ಅನುಕೂಲ ನಮ್ಮ ಹವೆಗೆ ಇದೆ.

ಮೊದಲ ದಿನ: ತಡೆಯುವುದು, ಅಗೆಯುವುದು

ಸೋರಿಕೆಯನ್ನು ನಿಲ್ಲಿಸಿ, ನೆಲದ ಮೇಲೆ ಇನ್ನೂ ನಿಂತಿರುವ ಡೀಸೆಲ್ ಮೇಲೆ ಮರದ ಹೊಟ್ಟನ್ನಾಗಲಿ ತೆಂಗಿನ ನಾರಿನ ಪುಡಿಯನ್ನಾಗಲಿ ಚೆಲ್ಲಿ ಹೀರಿಸಿಕೊಳ್ಳಬೇಕು. ನೀರು ಬಿಟ್ಟು ತೊಳೆಯಬಾರದು. ಸಾಬೂನು ಪುಡಿ ಹಾಕಿ ತಿಕ್ಕಲೂಬಾರದು, ಹಾಗೆ ಮಾಡಿದರೆ ಎಣ್ಣೆ ನೀರಿನೊಡನೆ ಬೆರೆತು ಆಳಕ್ಕೆ ಇಳಿಯುತ್ತದೆ. ಬೀಡಿ, ಸಿಗರೇಟು, ವೆಲ್ಡಿಂಗ್ ಯಾವುದೂ ಹತ್ತಿರದಲ್ಲಿ ಇರಕೂಡದು. ರಬ್ಬರ್ ಕೈಗವಸು ಮತ್ತು ಗಂಬೂಟು ಕಡ್ಡಾಯ. ಎಣ್ಣೆ ತಿನ್ನುವ ಕೆಲವು ಬ್ಯಾಕ್ಟೀರಿಯಾಗಳು ತೆರೆದ ಗಾಯದ ಮೂಲಕ ಸೋಂಕು ತರಬಲ್ಲವಾದ್ದರಿಂದ, ಕೈಕಾಲಿನಲ್ಲಿ ಗಾಯವಿರುವವರು ಈ ಮಣ್ಣಿನ ಕೆಲಸದಿಂದ ದೂರ ಇರಬೇಕು.

ಆಮೇಲೆ ಗುದ್ದಲಿಯಿಂದ ಅಗೆಯಲು ತೊಡಗಿ, ಪ್ರತಿ ಅರ್ಧ ಅಡಿಗೆ ಒಮ್ಮೆ ಒಂದು ಹಿಡಿ ಮಣ್ಣನ್ನು ತೆಗೆದು, ಅರ್ಧ ನೀರು ತುಂಬಿದ ಗಾಜಿನ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ ಹತ್ತು ನಿಮಿಷ ಇಡಬೇಕು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟಿದರೆ ಎಣ್ಣೆ ಇನ್ನೂ ಇದೆ ಎಂದರ್ಥ. ಕರಾವಳಿ ಮತ್ತು ಮಲೆನಾಡಿನ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಕಬ್ಬಿಣದ ಬ್ಯಾಕ್ಟೀರಿಯಾಗಳೂ ಇಂಥದೇ ಪೊರೆಯನ್ನು ಕಟ್ಟುವುದುಂಟು. ಕಡ್ಡಿಯಿಂದ ಮುಟ್ಟಿದರೆ ಭೇದ ತಿಳಿಯುತ್ತದೆ: ಕಬ್ಬಿಣದ ಪೊರೆ ಹಂಚಿನ ಚೂರುಗಳಂತೆ ಒಡೆದು ಬೇರೆಯಾಗಿಯೇ ಉಳಿಯುತ್ತದೆ, ಎಣ್ಣೆಯ ಪೊರೆ ಸುತ್ತಿ ಬಂದು ಮತ್ತೆ ಕೂಡಿಕೊಳ್ಳುತ್ತದೆ. ಪೊರೆಯೂ ವಾಸನೆಯೂ ಇಲ್ಲದ ಮಣ್ಣು ಸಿಗುವವರೆಗೆ ಅಗೆಯಬೇಕು. ನಮ್ಮಲ್ಲಿ ಅಗೆದ ಮಣ್ಣು ಸುಮಾರು ಎರಡು ಘನ ಮೀಟರು, ಅಂದರೆ ಅಂದಾಜು ಮೂರು ಟನ್ ಆಯಿತು. ಮೂರು ಟನ್ನಿನಲ್ಲಿ 33 ಕಿಲೋ ಎಂದರೆ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ನೂರಕ್ಕೆ ಐದನ್ನು ಮೀರಿದರೆ ಎಣ್ಣೆಯೇ ಸೂಕ್ಷ್ಮಾಣುಗಳಿಗೆ ವಿಷವಾಗುತ್ತದೆ. ಅಂಥ ಕಡೆ ಆರೋಗ್ಯವಂತ ಮಣ್ಣನ್ನು ಬೆರೆಸಿ ಪ್ರಮಾಣವನ್ನು ತಗ್ಗಿಸಿಕೊಳ್ಳಬೇಕು.

ಆರಂಭದ ಸ್ಥಿತಿಯನ್ನು ದಾಖಲಿಸದಿದ್ದರೆ ಮುಂದೆ ಎಷ್ಟು ಕಡಿಮೆಯಾಯಿತೆಂದು ಹೇಳಲು ಬರುವುದಿಲ್ಲ. ಅಗೆದ ಮಣ್ಣಿನ ಎಂಟು ಹತ್ತು ಕಡೆಗಳಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, ಗಾಜಿನ ಬಾಟಲಿಯ ಬಾಯಿಯವರೆಗೆ ಒತ್ತಿ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕಳುಹಿಸಿ, ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಪ್ರಮಾಣವನ್ನು ಪರೀಕ್ಷಿಸಿಕೊಡುವಂತೆ ಕೇಳಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳುಹಿಸಿದರೆ ಎಣ್ಣೆಯ ಒಂದು ಪಾಲು ಪ್ಲಾಸ್ಟಿಕ್ಕಿಗೇ ಹಿಡಿಯುತ್ತದೆ.

ಮಣ್ಣು ಉಸಿರಾಡುತ್ತಿದೆಯೇ ಎಂದು ನೋಡುವುದು

ಬ್ಯಾಕ್ಟೀರಿಯಾ ಕೊಳ್ಳುವ ಯೋಚನೆಗೆ ಮೊದಲು, ಇರುವ ಬ್ಯಾಕ್ಟೀರಿಯಾ ಬದುಕಿದೆಯೇ ಎಂದು ತಿಳಿಯುವ ಸರಳ ಪರೀಕ್ಷೆಯೊಂದಿದೆ. ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಬಸಿದುಕೊಳ್ಳಬೇಕು. ಅಗಲ ಬಾಯಿಯ ಎರಡು ಗಾಜಿನ ಭರಣಿಗಳಲ್ಲಿ ಒಂದಕ್ಕೆ ಡೀಸೆಲ್ ಮಣ್ಣನ್ನೂ ಇನ್ನೊಂದಕ್ಕೆ ಅದೇ ಜಾಗದ ಒಳ್ಳೆಯ ಮಣ್ಣನ್ನೂ ಸಮಪ್ರಮಾಣದಲ್ಲಿ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಎರಡರೊಳಗೂ ತಿಳಿಸುಣ್ಣದ ಒಂದೊಂದು ಚಿಕ್ಕ ಬಟ್ಟಲನ್ನು ಮಣ್ಣಿನ ಮೇಲಿಟ್ಟು, ಮುಚ್ಚಳ ಬಿಗಿದು ಒಂದು ಹಗಲು ಒಂದು ರಾತ್ರಿ ಬಿಡಬೇಕು. ಸೂಕ್ಷ್ಮಾಣುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಸುಣ್ಣದ ನೀರನ್ನು ಸೇರಿ, ಹಾಲು ಕಾಯಿಸಿ ಆರಿಸಿದಾಗ ಕಟ್ಟುವ ಕೆನೆಯಂಥ ಬಿಳಿ ಪದರ ಮೇಲೆ ಕಟ್ಟುತ್ತದೆ. ನಮ್ಮ ಡೀಸೆಲ್ ಮಣ್ಣಿನ ಬಟ್ಟಲಿನಲ್ಲಿ ಒಳ್ಳೆಯ ಮಣ್ಣಿಗಿಂತಲೂ ದಪ್ಪನೆಯ ಕೆನೆ ಕಟ್ಟಿತ್ತು. ಕಪ್ಪಾಗಿ ಸತ್ತಂತೆ ಬಿದ್ದಿದ್ದ ಆ ಮಣ್ಣಿನೊಳಗೆ ಅಷ್ಟು ಜೀವವಿತ್ತೆಂಬುದನ್ನು ಕಣ್ಣಾರೆ ಕಂಡದ್ದು ನನ್ನ ಮಟ್ಟಿಗೆ ಇಡೀ ಕೆಲಸದ ಅತ್ಯಂತ ಸಂತೋಷದ ಗಳಿಗೆ. ಗೊಬ್ಬರವೂ ಕೊಳೆಯುವಾಗ ಇದೇ ಅನಿಲವನ್ನು ಬಿಡುವುದರಿಂದ, ಗೊಬ್ಬರ ಬೆರೆಸುವ ಮೊದಲೇ ಈ ಪರೀಕ್ಷೆಯನ್ನು ಮುಗಿಸಿಕೊಳ್ಳಬೇಕು.

ಗುಡ್ಡೆ ಕಟ್ಟುವುದು

ಬಾವಿ, ಬೋರ್‌ವೆಲ್, ಕಾಲುವೆಗಳಿಂದ ದೂರವಿರುವ, ಮಳೆನೀರು ಹರಿದುಬರದ ಎತ್ತರದ ಜಾಗವನ್ನು ಆರಿಸಿ, ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಬೇಕು. ಹಾಳೆಯ ನಾಲ್ಕೂ ಅಂಚುಗಳನ್ನು ಇಟ್ಟಿಗೆಯ ಮೇಲೆ ಮಡಚಿ ತಟ್ಟೆಯಂತೆ ಮಾಡಿ, ಒಂದು ಮೂಲೆಯನ್ನು ತುಸು ತಗ್ಗಿಸಿದರೆ ಬಸಿದ ನೀರು ಅಲ್ಲಿ ಸೇರುತ್ತದೆ; ಅದನ್ನು ಚೆಲ್ಲದೆ ಗುಡ್ಡೆಗೇ ಮರಳಿ ಹೊಯ್ಯಬೇಕು. ಹಾಳೆಯ ಮೇಲೆ ಒಂದು ಗೇಣು ದಪ್ಪ ಕಬ್ಬಿನ ರವದಿ ಅಥವಾ ತೆಂಗಿನ ಮಟ್ಟೆಗಳನ್ನು ಹರಡಿದರೆ ಅಡಿಯಿಂದಲೂ ಗಾಳಿ ಆಡುತ್ತದೆ.

ಮಣ್ಣಿನ ಹೆಂಟೆಗಳನ್ನು ಪುಡಿ ಮಾಡಿ, ನಾಲ್ಕು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಭತ್ತದ ಹೊಟ್ಟಿನಂತೆ ಬೆರೆಸಬೇಕು. ಉತ್ತರ ಕರ್ನಾಟಕದ ಎರೆಮಣ್ಣು ಒದ್ದೆಯಾದಾಗ ಅಂಟಾಗಿ ಗಾಳಿಯ ದಾರಿಯನ್ನು ಮುಚ್ಚಿಬಿಡುವುದರಿಂದ, ಅಲ್ಲಿ ಎರಡು ಬುಟ್ಟಿಗೆ ಒಂದು ಬುಟ್ಟಿ ಹೊಟ್ಟು ಬೇಕಾದೀತು. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಇಪ್ಪತ್ತು ಬುಟ್ಟಿಗೆ ಒಂದರಂತೆ ಸೇರಿಸಿದರೆ ಸಾಕು. ಹಸಿ ಸೆಗಣಿ, ಬೆಲ್ಲ, ಹಿಟ್ಟು ಬೆರೆಸಿದ ಜೀವಾಮೃತ ಹಾಕಬಹುದೇ ಎಂದು ಹಲವು ರೈತರು ಕೇಳಿದ್ದಾರೆ. ಬೆಳೆಗೆ ಅದು ಒಳ್ಳೆಯದಿರಬಹುದು, ಈ ಗುಡ್ಡೆಗೆ ಬೇಡವೆಂಬುದು ನನ್ನ ಅಭಿಪ್ರಾಯ. ಬೆಲ್ಲದಂಥ ಸುಲಭದ ಆಹಾರ ಸಿಕ್ಕಿದಾಗ ಸೂಕ್ಷ್ಮಾಣುಗಳು ಮೊದಲು ಅದನ್ನೇ ತಿಂದು, ಎಣ್ಣೆಗಾಗಿ ಮೀಸಲಿಟ್ಟ ಗಾಳಿಯನ್ನೂ ಸಾರಜನಕವನ್ನೂ ಖರ್ಚುಮಾಡಿಬಿಡುತ್ತವೆ.

ಮಣ್ಣಿನ ರಸಸಾರ (ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ) 6ರಿಂದ 8ರ ನಡುವೆ ಇರಬೇಕು. ಮಲೆನಾಡು ಮತ್ತು ಕರಾವಳಿಯ ಹುಳಿಮಣ್ಣಾದರೆ ಟನ್ನಿಗೆ ಒಂದೆರಡು ಕಿಲೋ ಕೃಷಿ ಸುಣ್ಣ ಬೆರೆಸಿ, ಒಂದು ವಾರ ಬಿಟ್ಟು ಮತ್ತೆ ಅಳೆಯಬೇಕು. ಸುಣ್ಣವನ್ನೂ ಯೂರಿಯಾವನ್ನೂ ಒಂದೇ ದಿನ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಗುಡ್ಡೆಯ ಎತ್ತರ ಎರಡು ಎರಡೂವರೆ ಅಡಿ ಮೀರಬಾರದು. ಸಲಿಕೆಯಿಂದ ಮಗುಚುವವರ ಬೆನ್ನಿಗೂ ಅದೇ ಹಿತ.

ಗೊಬ್ಬರದ ಲೆಕ್ಕ

ಇಂಗಾಲ ನೂರು ಪಾಲಿದ್ದರೆ ಸಾರಜನಕ ಹತ್ತು, ರಂಜಕ ಒಂದು ಪಾಲು ಇರಬೇಕೆಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಳತೆ. ಡೀಸೆಲ್ಲಿನ ತೂಕದಲ್ಲಿ ನೂರಕ್ಕೆ ಸುಮಾರು 86 ಪಾಲು ಇಂಗಾಲ. ನಮ್ಮ 33 ಕಿಲೋ ಡೀಸೆಲ್ಲಿನಲ್ಲಿ ಇಂಗಾಲ 28 ಕಿಲೋ ಎಂದಾಯಿತು, ಅದಕ್ಕೆ 2.8 ಕಿಲೋ ಸಾರಜನಕ, 0.28 ಕಿಲೋ ರಂಜಕ ಬೇಕು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ ಇರುವುದರಿಂದ ಸುಮಾರು ಆರು ಕಿಲೋ ಯೂರಿಯಾ, ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ನಿಜವಾದ ರಂಜಕ ನೂರಕ್ಕೆ ಏಳು ಪಾಲು ಮಾತ್ರ ಇರುವುದರಿಂದ ಸುಮಾರು ನಾಲ್ಕು ಕಿಲೋ ಸೂಪರ್ ಫಾಸ್ಫೇಟ್ ಬೇಕಾಗುತ್ತದೆ. ಸೂಪರ್ ಫಾಸ್ಫೇಟಿನ ಬದಲು ರಂಜಕದ ಜೊತೆ ಸಾರಜನಕವೂ ಇರುವ ಡಿಎಪಿ ಗೊಬ್ಬರ ಇದ್ದರೆ ಒಂದೂವರೆ ಕಿಲೋ ಸಾಕು, ಆಗ ಯೂರಿಯಾವನ್ನು ಅರ್ಧ ಕಿಲೋ ಇಳಿಸಬೇಕು. ಸುಣ್ಣದಂಶ ಹೆಚ್ಚಿರುವ ಎರೆಮಣ್ಣಿಗೆ ಯೂರಿಯಾಕ್ಕಿಂತ ಅಮೋನಿಯಂ ಸಲ್ಫೇಟ್ ಮೇಲು. ಅದರಲ್ಲಿ ಸಾರಜನಕ ಕಡಿಮೆ ಇರುವುದರಿಂದ ತೂಕ ಯೂರಿಯಾದ ಎರಡು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ.

ನಾನು ತಪ್ಪಿದ್ದು ಇಲ್ಲಿಯೇ. ಲೆಕ್ಕ ಸರಿಯಾಗಿತ್ತು, ಆದರೆ ಆರು ಕಿಲೋ ಯೂರಿಯಾವನ್ನೂ ಒಂದೇ ದಿನ ಕರಗಿಸಿ ಹೊಯ್ದುಬಿಟ್ಟೆ. ಎರಡನೆಯ ದಿನ ಗುಡ್ಡೆಯ ಹತ್ತಿರ ಹೋದರೆ ಕಣ್ಣು ಉರಿಯುವಷ್ಟು ಅಮೋನಿಯಾದ ಘಾಟು. ವಾರ ಕಳೆದು ಭರಣಿಯ ಪರೀಕ್ಷೆ ಮಾಡಿದಾಗ ಸುಣ್ಣದ ಬಟ್ಟಲಿನಲ್ಲಿ ಕೆನೆ ಕಟ್ಟಲೇ ಇಲ್ಲ. ಮಣ್ಣಿನೊಳಗಿನ ಅಲ್ಪಸ್ವಲ್ಪ ನೀರಿನಲ್ಲಿ ಅಷ್ಟೂ ಗೊಬ್ಬರ ಕರಗಿದಾಗ ಆ ನೀರು ಉಪ್ಪಿನಕಾಯಿಯ ರಸದಂತಾಗಿ, ಸೂಕ್ಷ್ಮಾಣುಗಳ ಮೈಯೊಳಗಿನ ನೀರನ್ನೇ ಹೊರಗೆ ಎಳೆದುಬಿಡುತ್ತದೆ. ಇನ್ನಷ್ಟು ಮಣ್ಣು, ಹೊಟ್ಟು, ನೀರು ಬೆರೆಸಿ ಗುಡ್ಡೆ ಮತ್ತೆ ಚೇತರಿಸಿಕೊಳ್ಳುವಷ್ಟರಲ್ಲಿ ಒಂದು ತಿಂಗಳು ವ್ಯರ್ಥವಾಯಿತು. ಆದ್ದರಿಂದ ಒಟ್ಟು ಗೊಬ್ಬರವನ್ನು ಮೂರು ಪಾಲು ಮಾಡಿ, ಮೊದಲನೆಯದನ್ನು ಗುಡ್ಡೆ ಕಟ್ಟುವ ದಿನ, ಉಳಿದ ಎರಡನ್ನು ಮೂರು ಮೂರು ವಾರಗಳ ಅಂತರದಲ್ಲಿ ಹಾಕಬೇಕು. ಮೂರನೆಯ ಪಾಲು ಬೇಕೇ ಬೇಡವೇ ಎಂಬುದನ್ನು ಆ ಹೊತ್ತಿಗೆ ಉಳಿದಿರುವ ಎಣ್ಣೆಯನ್ನು ನೋಡಿ ತೀರ್ಮಾನಿಸಬಹುದು.

ತೇವ ಮತ್ತು ಮಗುಚುವಿಕೆ

ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದಾಗ ಉಂಡೆ ಕಟ್ಟಬೇಕು, ಆದರೆ ಬೆರಳ ಸಂದಿಯಿಂದ ನೀರು ಜಿನುಗಬಾರದು. ಆ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಒಡೆಯಬೇಕು. ಅಷ್ಟು ತೇವ ಸದಾ ಇರಬೇಕು. ನಗರಸಭೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಲೆಂದು ಬಕೆಟ್ಟಿನಲ್ಲಿ ಒಂದು ರಾತ್ರಿ ತೆರೆದಿಟ್ಟು ಬಳಸುವುದು ಒಳ್ಳೆಯದು. ಎಣ್ಣೆಮಣ್ಣು ಮೊದಮೊದಲು ನೀರನ್ನು ಒಲ್ಲದಿರುವುದರಿಂದ ಹನಿಹನಿಯಾಗಿ ಚಿಮುಕಿಸುತ್ತಾ ಕಲಸಬೇಕು.

ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಗುಡ್ಡೆಯನ್ನು ಪೂರ್ತಿಯಾಗಿ ಮಗುಚಿ, ಒಳಗಿನದು ಹೊರಕ್ಕೂ ಹೊರಗಿನದು ಒಳಕ್ಕೂ ಬರುವಂತೆ ಮಾಡಬೇಕು. ಮಗುಚುವಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಮುಗಿದಿದೆ ಎಂದು ತಿಳಿದು, ಹೊಟ್ಟನ್ನು ಹೆಚ್ಚಿಸಿ ನೀರನ್ನು ಕಡಿಮೆ ಮಾಡಬೇಕು. ಉಳಿದ ಸಮಯದಲ್ಲಿ ಗುಡ್ಡೆಯ ಮೇಲೆ ಟಾರ್ಪಾಲು ಹೊದಿಸಿ, ಅಂಚುಗಳಲ್ಲಿ ಗಾಳಿಯಾಡಲು ಸಂದು ಬಿಡಬೇಕು. ಮಣ್ಣನ್ನು ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಹಾಗೆ ಮಾಡಿದಾಗ ಎಣ್ಣೆಯ ಬೇಗ ಆವಿಯಾಗುವ ಹಗುರ ಭಾಗ ಶುದ್ಧವಾಗುವುದಿಲ್ಲ, ಮಣ್ಣಿನಿಂದ ನಮ್ಮ ಉಸಿರಿಗೆ ವರ್ಗವಾಗುತ್ತದೆ ಅಷ್ಟೆ, ಭಾರವಾದ ಭಾಗವಂತೂ ಒಣಮಣ್ಣಿನಲ್ಲಿ ಹಾಗೆಯೇ ಉಳಿಯುತ್ತದೆ.

ಕೊಳ್ಳುವ ಜೈವಿಕ ಉತ್ಪನ್ನಗಳ ವಿಚಾರ

ಮಾರುಕಟ್ಟೆಯಲ್ಲಿ ಸಿಗುವ ಉತ್ಪನ್ನಗಳೆಲ್ಲ ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ದೆಹಲಿಯ ಟೆರಿ ಎಂಬ ಇಂಧನ–ಪರಿಸರ ಸಂಶೋಧನಾ ಸಂಸ್ಥೆ ರೂಪಿಸಿದ ಆಯಿಲ್‌ಜ್ಯಾಪರ್ ಎಂಬುದು ಐದು ಬಗೆಯ ಬ್ಯಾಕ್ಟೀರಿಯಾಗಳನ್ನು ಜೋಳದ ದಿಂಡಿನ ಪುಡಿಯಲ್ಲಿ ನೆಲೆಗೊಳಿಸಿದ ಮಿಶ್ರಣ. ಎಣ್ಣೆ ಶುದ್ಧೀಕರಣ ಘಟಕಗಳ ದಪ್ಪ ಕೆಸರಿನಂಥ ತ್ಯಾಜ್ಯಕ್ಕೆ ಅದನ್ನು ಬಳಸಿದ್ದಾರೆ. ಅಂಥ ಕೆಸರಿನಲ್ಲಿ ಸ್ಥಳೀಯ ಜೀವಿಗಳೇ ವಿರಳವಾದ್ದರಿಂದ ಹೊರಗಿನಿಂದ ತಂದು ಬಿಡುವುದರಲ್ಲಿ ಅರ್ಥವಿದೆ. ಎಂ-ಸ್ಯಾಂಡ್ ರಾಶಿ, ಕಲ್ಲುಪುಡಿ ತುಂಬಿದ ಅಂಗಳ, ಆಳದಿಂದ ತೆಗೆದ ಕೆಮ್ಮಣ್ಣು ಇಂಥವುಗಳ ಮೇಲೆ ಡೀಸೆಲ್ ಚೆಲ್ಲಿದಾಗಲೂ, ಭರಣಿಯ ಪರೀಕ್ಷೆಯಲ್ಲಿ ಕೆನೆ ಕಟ್ಟದಿದ್ದಾಗಲೂ ಇದನ್ನು ಯೋಚಿಸಬಹುದು. ಆದರೂ ಹಳೆಯ ಗ್ಯಾರೇಜಿನ ಎಣ್ಣೆ ಉಂಡು ಪಳಗಿದ ಮಣ್ಣನ್ನು ಒಂದೆರಡು ಬುಟ್ಟಿ ತಂದು ಹೆಪ್ಪು ಹಾಕಿದಂತೆ ಬೆರೆಸಿದರೆ, ಅದರಲ್ಲಿ ಲೋಹದ ಅಂಶವಿಲ್ಲವೆಂದು ಖಚಿತವಿದ್ದ ಪಕ್ಷದಲ್ಲಿ, ಅದೇ ಕೆಲಸ ಆಗುತ್ತದೆ.

ಕೊಳ್ಳುವ ಮೊದಲು ನಾಲ್ಕು ಹಳೆಯ ಪೇಂಟ್ ಡಬ್ಬಿಗಳಲ್ಲಿ ಒಂದೇ ಡೀಸೆಲ್ ಮಣ್ಣನ್ನು ತುಂಬಿ ಪ್ರಯೋಗ ಮಾಡಬೇಕು. ಒಂದನೆಯದನ್ನು ಮುಟ್ಟದೆ ಬಿಡಬೇಕು, ಎರಡನೆಯದಕ್ಕೆ ನೀರು ಮತ್ತು ಕಲಸುವಿಕೆ ಮಾತ್ರ, ಮೂರನೆಯದಕ್ಕೆ ಅವುಗಳ ಜೊತೆ ಹೊಟ್ಟು ಮತ್ತು ರಸಗೊಬ್ಬರ, ನಾಲ್ಕನೆಯದಕ್ಕೆ ಇವೆಲ್ಲದರ ಜೊತೆ ಆ ಉತ್ಪನ್ನ. ನಾಲ್ಕು ವಾರಗಳ ನಂತರ ನಾಲ್ಕನೆಯದು ಮೂರನೆಯದಕ್ಕಿಂತ ಸ್ಪಷ್ಟವಾಗಿ ಮುಂದಿದ್ದರೆ ಮಾತ್ರ ಹಣ ಕೊಡಬೇಕು. ಮಾರುವವರು ತೋರಿಸುವ ಪ್ರಾತ್ಯಕ್ಷಿಕೆಯಲ್ಲಿ ಸಾಮಾನ್ಯವಾಗಿ ಒಂದನೆಯ ಡಬ್ಬಿಯನ್ನೂ ನಾಲ್ಕನೆಯ ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟಿರುತ್ತಾರೆ, ನಡುವಿನ ಎರಡು ಇರುವುದಿಲ್ಲ.

ಪೊಟ್ಟಣದ ಮೇಲೆ ಜೀವಿಗಳ ಹೆಸರು, ಗ್ರಾಂ ಒಂದಕ್ಕೆ ಎಷ್ಟು ಜೀವಂತ ಕೋಶಗಳು, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ಎಷ್ಟು ಉಷ್ಣತೆಯಲ್ಲಿ ಇಡಬೇಕೆಂಬ ಸೂಚನೆ ಇರಬೇಕು. ಬೇಸಿಗೆಯಲ್ಲಿ ಅಂಗಡಿಯ ತಗಡಿನ ಚಾವಣಿಯ ಕೆಳಗೆ ತಿಂಗಳುಗಟ್ಟಲೆ ಕುಳಿತ ಪೊಟ್ಟಣದಲ್ಲಿ ಬದುಕಿರುವುದು ಎಷ್ಟೆಂದು ಯಾರೂ ಭರವಸೆ ಕೊಡಲಾರರು. ಎಂಜೈಮ್ ಎಂದು ಮಾರುವ ದ್ರಾವಣಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಎಣ್ಣೆಪೊರೆ ಇರುವ ನೀರಿಗೆ ನಾಲ್ಕು ಹನಿ ಹಾಕಿದ ಕೂಡಲೇ ನೀರು ಹಾಲಿನಂತಾಗಿ ಪೊರೆ ಮಾಯವಾದರೆ, ಎಣ್ಣೆ ಶುದ್ಧವಾಗಿಲ್ಲ, ಸಾಬೂನಿನಂಥ ವಸ್ತುವಿನಿಂದ ಚದುರಿ ಕಣ್ಣಿಗೆ ಕಾಣದಾಗಿದೆ. ಜೀವಿಗಳು ತಿನ್ನುವುದು ವಾರಗಳ ಕೆಲಸ, ನಿಮಿಷಗಳದ್ದಲ್ಲ.

ಜೀನ್ ಮಾರ್ಪಡಿಸಿದ ಬ್ಯಾಕ್ಟೀರಿಯಾಗಳ ಮಾತೂ ಆಗಾಗ ಬರುತ್ತದೆ. ಬಂಗಾಳ ಮೂಲದ ಆನಂದ ಮೋಹನ ಚಕ್ರವರ್ತಿಯವರು ಅಮೆರಿಕದಲ್ಲಿ ರೂಪಿಸಿದ ಎಣ್ಣೆ ತಿನ್ನುವ ಸ್ಯೂಡೋಮೊನಾಸ್ ತಳಿಗೆ ಪೇಟೆಂಟ್ ಕೊಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1980ರಲ್ಲಿ ಐದು–ನಾಲ್ಕು ಮತಗಳಿಂದ ತೀರ್ಪಿತ್ತಿತು. ಅಷ್ಟು ಹೆಸರಾದ ಆ ತಳಿಯನ್ನು ಸಮುದ್ರದ ಸೋರಿಕೆಗೆ ಬಳಸಲೇ ಇಲ್ಲ. ಭಾರತದಲ್ಲಿ ಇಂಥ ಜೀವಿಗಳನ್ನು ಹೊರಗೆ ಬಿಡಲು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ರಚಿತವಾದ 1989ರ ನಿಯಮಗಳಂತೆ ಅನುಮತಿ ಬೇಕು.

ಯಾವಾಗ ನಿಲ್ಲಿಸಬೇಕು

ವಾಸನೆ ಹೋದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯಬಾರದು. ವಾಸನೆ ಬರುವುದು ಹಗುರ ಭಾಗದಿಂದ, ಅದು ಮೊದಲೇ ಹೋಗಿರುತ್ತದೆ. ಹತ್ತನೆಯ ವಾರದ ಹೊತ್ತಿಗೆ ಬಾಟಲಿಯಲ್ಲಿ ಕುಲುಕಿ ನೋಡಿ, ಪೊರೆ ಕಾಣದಿದ್ದರೆ ಮೊಳಕೆಯ ಪರೀಕ್ಷೆಗೆ ಹೋಗಬೇಕು. ಒಂದು ಕುಂಡದಲ್ಲಿ ಗುಡ್ಡೆಯ ಮಣ್ಣು, ಇನ್ನೊಂದರಲ್ಲಿ ಒಳ್ಳೆಯ ಮಣ್ಣು ತುಂಬಿ, ಎರಡರಲ್ಲೂ ಇಪ್ಪತ್ತಿಪ್ಪತ್ತು ಹೆಸರುಕಾಳು ಬಿತ್ತಿ, ಎಂಟು ದಿನ ಬಿಟ್ಟು ಸಸಿಗಳನ್ನು ಬೇರು ಸಮೇತ ಕಿತ್ತು ತೊಳೆದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋಲಿಸಬೇಕು. ಎಣ್ಣೆ ಉಳಿದಿರುವ ಮಣ್ಣಿನ ಸಸಿಯ ತಾಯಿಬೇರು ಮೊಟಕಾಗಿ, ದಪ್ಪಗಾಗಿ, ತುದಿ ಕಂದಿರುತ್ತದೆ. ಪಕ್ಕದ ಬೇರುಗಳು ಒಡೆದಿರುವುದಿಲ್ಲ. ಮೇಲಿನ ಎಲೆ ಹಸಿರಾಗಿಯೇ ಇದ್ದರೂ ಬೇರು ಸತ್ಯ ಹೇಳುತ್ತದೆ. ನಮ್ಮಲ್ಲಿ ಹತ್ತನೆಯ ವಾರದ ಬೇರುಗಳು ಮೊಟಕಾಗಿದ್ದವು, ಹದಿನೇಳನೆಯ ವಾರದವು ಬಿಳಿಯಾಗಿ, ಎಳೆಎಳೆಯಾಗಿ ಹರಡಿದ್ದವು.

ಅದಾದ ಮೇಲೆ ಮೊದಲಿನಂತೆಯೇ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿ, ಮೊದಲ ವರದಿಯೊಡನೆ ಹೋಲಿಸಬೇಕು. ನೂರಕ್ಕೆ 95ಕ್ಕಿಂತ ಹೆಚ್ಚು ಕಡಿಮೆ ಮಾಡುವುದು ಈ ವಿಧಾನದಿಂದ ಕಷ್ಟವಾದ್ದರಿಂದ, ಸ್ವಲ್ಪ ಶೇಷ ಉಳಿದೇ ಉಳಿಯುತ್ತದೆ. ಈ ಕಾರಣಕ್ಕಾಗಿ ಗುಡ್ಡೆಯ ಮಣ್ಣನ್ನು ತರಕಾರಿ ಮಡಿಗಾಗಲಿ, ಹಸುವಿನ ಮೇವು ಬೆಳೆಯುವ ಜಾಗಕ್ಕಾಗಲಿ ಹಾಕಕೂಡದು. ನಾವು ಅದನ್ನು ತೆಗೆದ ಗುಂಡಿಗೇ ತುಂಬಿ, ಮೇಲೆ ಲಾವಂಚದ ಕಡ್ಡಿಗಳನ್ನು ಒತ್ತಾಗಿ ನೆಟ್ಟೆವು. ಅದರ ಆಳವಾದ ಬೇರುಗಳು ಮಣ್ಣಿನೊಳಗೆ ಗಾಳಿಯ ದಾರಿ ತೆರೆಯುತ್ತವೆ, ಬೇರಿನ ಸುತ್ತಲೂ ಸೂಕ್ಷ್ಮಾಣುಗಳು ಮುತ್ತಿಕೊಳ್ಳುತ್ತವೆ, ಉಳಿದ ಶೇಷದ ಮೇಲೆ ಕೆಲಸ ಮುಂದುವರಿಯುತ್ತದೆ.

ಡ್ರಮ್ಮನ್ನು ಮತ್ತೆ ಅದೇ ಜಾಗದಲ್ಲಿ ಇಡುವ ಮೊದಲು ಅದರ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಬೇಕು. ಡ್ರಮ್ಮಿನ ಪೂರ್ತಿ ಎಣ್ಣೆ ಸೋರಿದರೂ ಹೊರಗೆ ಹರಿಯದಂತೆ, ಇನ್ನೂರು ಲೀಟರಿನ ಡ್ರಮ್ಮಿಗೆ 220 ಲೀಟರು ಹಿಡಿಯುವಷ್ಟು ಕಟ್ಟೆಯ ಒಳ ಅಳತೆ ಇರಬೇಕು, ಮೇಲೆ ಮಳೆನೀರು ಬೀಳದಂತೆ ತಗಡಿನ ಮಾಡು ಇರಬೇಕು, ತಳದಲ್ಲಿ ತೂತು ಇರಬಾರದು. ನಲ್ಲಿಯ ಕೆಳಗೆ ಒಂದು ಅಗಲವಾದ ತಟ್ಟೆಯನ್ನಿಟ್ಟು, ಅದರಲ್ಲಿ ಎಣ್ಣೆ ಬಿದ್ದಿದೆಯೇ ಎಂದು ಬೆಳಿಗ್ಗೆ ಪಂಪ್ ಚಾಲೂ ಮಾಡುವವರೇ ನೋಡಿ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವಂತೆ ಈಗ ನಮ್ಮಲ್ಲಿ ರೂಢಿ ಮಾಡಿಕೊಂಡಿದ್ದೇವೆ.